ಬಾವ್ಯಾಗ ಸಿಕ್ಕ ಫೋನು

ಇದು ನಮ್ಮ ಬಾಜೂ ಮನಿ ಇಜಾಜಗ ಆಗಿದ್ದು. ಸವಣೂರಾಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಾನಲ್ಲ, ಅವಗ.

ಅವತ್ತ ರಾತ್ರಿ ಕಡೀ ಬಸ್ಸಿಗೆ ನಮ್ಮೂರು ಹತ್ತಿಮತ್ತೂರಾಗ ಇಳದು, ಬಾವಿ ದಾರಿ ಹಿಡದು ಮನಿಗೆ ಹೊಂಟಿದ್ದ. ಕಿಸೆದಾಗ ನಮ್ಮೂರ ಸೊಸಿ ವಿದ್ಯಾಶ್ರೀ ಫೋನು. ಅಕಿ ಅದ ಬಾವ್ಯಾಗ ಬಿದ್ದು ಸತ್ತು ತಿಂಗಳ ಮ್ಯಾಲಾಗಿತ್ತು. ಕಾಲು ಜಾರಿತು ಅಂತ ಎಲ್ಲಾರೂ ನಂಬಿದ್ರು. ಹೂಳ ತಗಿಯೂವಾಗ ಫೋನು ಸಿಕ್ಕಿತ್ತು. ಅಕಿ ಗಂಡ ಸಂಜಯ ಅದನ್ನ ಅಂಗಡಿಗೆ ತಂದಿದ್ದ.

"ಅವರವ್ವ ಮಗಳ ನೆನಪಿಗೆ ಫೋನು ಬೇಕ ಅಂತಾಳ. ಫ್ಲ್ಯಾಶ್ ಮಾಡಿ ಒಳಗಿಂದೆಲ್ಲಾ ಅಳಸಿಬಿಡು. ಏನೂ ನೋಡಬ್ಯಾಡ. ಅಂಗಡ್ಯಾಗ ಬಿಡಬ್ಯಾಡ, ನಿನ್ನ ಕಡೇನ ಇಟ್ಕೋ."

ಫ್ಲ್ಯಾಶ್ ಮಾಡೂ ಕಂಪನಿ ಸಾಫ್ಟ್‌ವೇರು, ಟೂಲು ಅಂತಾರಲ್ಲ, ಅದು ಲಾಕ್ ಇದ್ದ ಫೋನಿಗೆ ನಡಿಯಂಗಿಲ್ಲ. ಇಜಾಜನ ಹಂತ್ಯಾಕ ಯಾರೋ ತಿದ್ದಿದ ಟೂಲು ಇತ್ತು, ಸತ್ತ ಫೋನನ್ನೂ ಎಬ್ಬಸತಿತ್ತು. ನಾಳೆ ಮಾಡೂಣು ಅಂದ. ಉಬ್ಬಿದ ಬ್ಯಾಟರಿ ಬಿಚ್ಚಿ ಅಂಗಡ್ಯಾಗ ಇಟ್ಟು ಬಂದಿದ್ದ.

ಬಾವಿ ಹತ್ರ ಬಂದ...

ಗುರ್ರ್... ಗುರ್ರ್... ಕಿಸೆ ನಡಗಿತು. ಪರದೆ ಕರ್ರಗ. ಬ್ಯಾಟರೀನ ಇಲ್ಲ! ರೂಢಿ ನೋಡ್ರಿ, ಕಿವಿಗೆ ಹಿಡದುಬಿಟ್ಟ.

ಗುಳು... ಗುಳು... ಕೊಡ ಮುಳಗೂ ಸಪ್ಪಳ. ಆಮ್ಯಾಲ ಹೆಣ್ಣದನಿ ಪಿಸುಮಾತು.

"ಅಳಸ್ತೀಯೇನು?"

"ಯಾ... ಯಾರ್ರಿ?"

"ಅವ ಆಡಿದ ಮಾತು ಅದರಾಗ ಐತಿ. ಅಳಸಿ ನೋಡು... ನಿನ್ನೂ ಇಲ್ಲೇ ಎಳಕೊಂತೇನಿ."

ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಮರುದಿನ ಬ್ಯಾರೆ ಬ್ಯಾಟರಿ ಹಾಕಿದ. ಟೂಲಿನಾಗ 'ಎಲ್ಲಾ ಅಳಸು' ಅನ್ನೂದರ ಮುಂದಿನ ಟಿಕ್ ಗುರುತು ತಗದು, ಒಳಗಿಂದು ಹಂಗ ಉಳಿಯೂವಂಗ ಬರೇ ಸಿಸ್ಟಮ್ ಅಷ್ಟ ಹೊಸದಾಗಿ ತುಂಬಿದ. ಫೋನು ಎದ್ದಿತು. ಲಾಕೂ ಬಿಚ್ಚಿತು. ಅಕಿ ಮಾಡಿದ್ದ ಕಡೀ ರೆಕಾರ್ಡಿಂಗ್ ಹಚ್ಚಿದ.

"ಕೈ ಬಿಡ್ರಿ... ಅವ್ವನ ಆಣಿ, ಯಾರಿಗೂ ಹೇಳಂಗಿಲ್ಲ..." ವಿದ್ಯಾಶ್ರೀ ಅಳಾಕತ್ತಿದ್ಳು.

"ನೀನ ಇಳೀತೀಯೋ, ನೂಕಲ್ಯೋ?" ಸಂಜಯನ ದನಿ.

ಧೊಪ್!

ತಲಿ ಎತ್ತತಾನ, ಸಂಜಯ ಬಾಗಲದಾಗ ನಿಂತಾನ!

"ಕೊಡಲೇ ಅದನ್ನ!" ಹಾರಿ ಕುತ್ತಿಗಿ ಹಿಡದ. ಬಾಜೂ ಅಂಗಡಿಯವ್ರು ಓಡಿ ಬಂದು ಬಿಡಿಸಿದ್ರು. ಇಜಾಜ ಫೋನು ಒಯ್ದು ವಿದ್ಯಾಶ್ರೀ ಅವ್ವ ಮಂಜವ್ವನ ಕೈಯಾಗ ಕೊಟ್ಟ, ಅಕಿ ಠಾಣೆಕ ಹೋದ್ಳು. ಸಂಜಯ ಈಗ ಜೇಲಿನಾಗ ಅದಾನ.

ಹೇಳಿದಂಗ ಕೇಳಿದ್ನಲ್ಲ, ಬಾವ್ಯಾಗಿನ ವಿದ್ಯಾಶ್ರೀ ಇಜಾಜನ್ನ ಬಿಡಬೇಕಿತ್ತು. ಬಿಟ್ಟಿಲ್ಲ. ಆ ಫೋನು ಹಿಡದಿದ್ದ ಅವನ ಬಲಗಿವಿ ಆ ರಾತ್ರಿಯಿಂದ ಕೇಳಂಗಿಲ್ಲ. ಹುಬ್ಬಳ್ಳಿ ಡಾಕ್ಟರು ನೋಡಿ, "ಕಿವಿ ಛಲೋ ಐತಲ್ಲಪಾ" ಅಂದ್ರು. ಆದ್ರ ಮುಂಜಾನೆ ಎದ್ದಾಗ ಆ ಮಗ್ಗಲಿನ ದಿಂಬು ತೊಯ್ದಿರತೈತಿ... ಪಾಚಿ ನಾರತೈತಿ.

ನಂಬ್ರಿ, ಬಿಡ್ರಿ. ಆ ದಿಂಬು ನಾನ ಮುಟ್ಟಿ ನೋಡೇನಿ.