ಭರಣಿಯಲ್ಲಿಟ್ಟ ಮಿದುಳು

ನಂಜನಗೂಡು ಸ್ಟೇಷನ್ನಿನಲ್ಲಿ ಮೈಸೂರು ರೈಲಿಗೆ ಕಾಯುತ್ತಿದ್ದ ರಂಗನಾಯಕ ಮೇಷ್ಟ್ರ ಕಣ್ಣು ಪುಸ್ತಕದಲ್ಲಿತ್ತು, ಕಿವಿ ಪಕ್ಕದ ಬೆಂಚಿನಲ್ಲಿತ್ತು. ಅಲ್ಲೊಬ್ಬ ವಿಧವೆ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೈದುನನನ್ನು ತರಾಟೆಗೆ ತೆಗೆದುಕೊಂಡಿದ್ದಳು.

‘ಕಲ್ಲಯ್ಯ, ಮೈಸೂರು ಆಸ್ಪತ್ರೇಲಿ ಸತ್ತ ನಿಮ್ಮಣ್ಣನ ತಲೆ ಕುಯ್ದು ಮಿದುಳು ತಗ್ದವ್ರೆ ಅಂತ, ಮಣ್ಣು ಮಾಡಿ ಮೂರ್ ತಿಂಗ್ಳಾದ್ಮೇಲೆ ಯೋಳ್ತೀಯಲ್ಲ!’

‘ಗಾಜಿನ ಭರಣೀಲಿ ಮಡಗವ್ರೆ ಅತ್ಗೆ. ಕೆಟ್ಟಿಲ್ಲ.’

‘ಕೆಡ್ದಿರಾಕೆ ಅದೇನು ಉಪ್ಪಿನ್‌ಕಾಯಾ? ಮಠದ ಅಯ್ಯನೋರು ಸಮಾಧಿಗಿಳ್ದು ಅವ್ರ ತಲೆ ಮ್ಯಾಲೆ ಪಾದ ಮಡಗಿದ್ರಲ್ಲ, ಅದು ಬರೀ ಬುರುಡೆ ಮ್ಯಾಲಾ? ಯಾರ್ನ ಕೇಳಿ ಕೊಟ್ಟೆ?’

‘ಅಣ್ಣನ ಮೂರ್ಚೆರೋಗವೇ ನಿನ್ ಮಗ್ಳು ಚನ್ನಾಜೀಗೂ ಬಂದದಲ್ಲ. ಅವನ ಮಿದುಳು ನೋಡುದ್ರೆ ಇವ್ಳಿಗೆ ಔಸ್ದಿ ಸಿಕ್ಕೀತು ಅಂದ್ರು ಡಾಕ್ಟ್ರು. ಎಬ್ಬೆಟ್ಟು ಒತ್ತಿದೆ.’

‘ಸಿಕ್ತಾ?’



‘ಒಂದ್ರಲ್ಲಿ ಗೊತ್ತಾಗಕಿಲ್ವಂತೆ. ಅಂಥವು ಇನ್ನೂ ಬೇಕಂತೆ. ಮಗೀನ ಕರ್ಕೊಂಡ್ ಬಾ, ನಾವೇ ಇಟ್ಕೊಂಡು ನೋಡ್ಕೋತೀವಿ ಅಂದವ್ರೆ.’

‘ಇಟ್ಕೊಂಡಾ?’

ರೈಲು ಬಂತು. ಅವಳು ಮಗಳ ತಲೆಯನ್ನು ಅವುಚಿಕೊಂಡು ಕೂತೇ ಇದ್ದಳು. ಅಷ್ಟರಲ್ಲಿ ಚನ್ನಾಜಿಯ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು.

‘ನೋಡ್ತಾ ನಿಂತ್ಯಲ್ಲೋ, ಪಾಪಿ, ಅವಳ ಕಾಲ್ ಇಡ್ಕೊ,’ ಅಂದಳು ವಿಧವೆ. ‘ಇನ್ನೆಲ್ಲಿಗೆ ಓಗ್ಲಿ? ಹತ್ಸು ಅವಳ್ನ.’

ಇಬ್ಬರೂ ಮಗುವನ್ನು ಎತ್ತಿಕೊಂಡು ಮೂರನೆಯ ದರ್ಜೆಯ ಡಬ್ಬಿಯೊಳಕ್ಕೆ ಹೋದರು.