ಬೆಲೆ ಇಳಿಯಲಿ ಎಂದು ಕಾದ ಸಾಹುಕಾರ

ಒಂದು ಪೇಟೆ ಅಂತ ಇಟ್ಟುಕೊಳ್ಳಿ. ಆ ಪೇಟೆಯಲ್ಲಿ ಮಂಡಕ್ಕಿ ಭಟ್ಟಿಯಿಂದಲೇ ಮೂರು ಅಂತಸ್ತಿನ ಮನೆ ಕಟ್ಟಿಸಿದ ಒಬ್ಬ ಸಾಹುಕಾರ. ಕೆಟ್ಟವನೇನಲ್ಲ, ನೋಡಿ. ಕುಡಿತವಿಲ್ಲ, ಜೂಜಿಲ್ಲ, ಹಬ್ಬಕ್ಕೆ ಆಳುಗಳಿಗೆಲ್ಲ ಬಟ್ಟೆ ಕೊಡುತ್ತಿದ್ದ. ಅವನದು ಒಂದೇ ಒಂದು ನೇಮ: ಬೆಲೆ ಇಳಿಯುತ್ತಿರುವಾಗ ಮಾಲು ಎತ್ತಬಾರದು. ಭತ್ತದ ಬೆಲೆ ಇಳಿಯತೊಡಗಿದರೆ ಉಳಿದವರು ಓಡಿಹೋಗಿ ಕೊಳ್ಳುತ್ತಿದ್ದರು. ಇವನು ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ. ಇಳಿದು ಇಳಿದು ತಳ ಮುಟ್ಟಿದ ದಿನ ಲಾರಿ ಕಳಿಸುತ್ತಿದ್ದ. ಭತ್ತದಲ್ಲಿ ಆ ನೇಮ ಒಮ್ಮೆಯೂ ಕೈಕೊಡಲಿಲ್ಲ.

ನೇಮ ತಪ್ಪಿದ್ದು ಒಂದೇ ಸಲ. ಪೇಟೆಗೆ ಕಂಪ್ಯೂಟರು ಹೊಸದಾಗಿ ಬಂದಾಗ ಎಲ್ಲರಿಗಿಂತ ಮೊದಲು ಕೊಂಡ. ಅಕ್ಕಿ ಮೂಟೆಯಷ್ಟು ದಪ್ಪದ ಪರದೆ, ಕೆಳಗೊಂದು ಡಬ್ಬಿ, ಕರೆಂಟು ಹೋದರೆ ಕಿರುಚುವ ಇನ್ನೊಂದು ಡಬ್ಬಿ. ಆ ದುಡ್ಡಿಗೆ ಆಗ ಒಂದು ಸೈಟು ಬರುತ್ತಿತ್ತು. ಮರುವರ್ಷ ಎದುರಿನ ಎಣ್ಣೆ ಅಂಗಡಿಯವನು ಅದಕ್ಕಿಂತ ಒಳ್ಳೆಯದನ್ನು ಅರ್ಧ ಬೆಲೆಗೆ ತಂದ. ಸಾಹುಕಾರನ ಹೊಟ್ಟೆ ಉರಿದುಹೋಯಿತು. "ಇನ್ನು ಈ ಮಾಲು ತಳ ಮುಟ್ಟೋವರೆಗೂ ನಾನು ಮುಟ್ಟಂಗಿಲ್ಲ!" ಅಂದ.

ಆದರೆ ಈ ಮಾಲಿಗೆ ತಳ ಎಲ್ಲಿದೆ? ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ಮೂಟೆಯಂಥದು ಹೋಗಿ ಪುಸ್ತಕದಂಥದು ಬಂತು. ಆಮೇಲೆ ಸ್ಲೇಟಿನಂಥ ಟ್ಯಾಬು. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಹೆಂಗಸಿನ ಕೈಗೂ ಮುಟ್ಟಿದರೆ ಮುಖ ಕಾಣುವ ಫೋನು ಬಂತು. ಸಾಹುಕಾರ ಬಟನ್ ಫೋನು ಹಿಡಿದು ಕೂತೇ ಇದ್ದ.

ಇವನ ಹೆಂಡತಿಗೆ ಒಬ್ಬಳೇ ತಂಗಿ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅಕ್ಕತಂಗಿಯರು ಚಿಕ್ಕಂದಿನಿಂದ ಕೈಯಲ್ಲೇ ಮಾತಾಡಿದವರು. ಮೂಗುತಿ ಮುಟ್ಟಿದರೆ ಅಮ್ಮ, ಮೀಸೆ ತಿರುವಿದರೆ ಅಪ್ಪ. ಆ ಭಾಷೆಯನ್ನು ಪೂರ್ತಿ ಬಲ್ಲವರು ಲೋಕದಲ್ಲಿ ಇಬ್ಬರೇ. ತಂಗಿಯನ್ನು ದೂರದ ಗುಜರಾತಿನ ಸೂರತ್ತಿಗೆ ಕೊಟ್ಟಿತ್ತು. ಫೋನು ಮಾಡಿದರೆ ಅವಳಿಗೆ ಏನು ಕೇಳಿಸೀತು? ಮುಖ ಕಾಣಬೇಕು, ಕೈ ಕಾಣಬೇಕು.

"ರೀ, ಅಂಥದೊಂದು ಸ್ಲೇಟು ತರ್ರೀ. ಅವಳ ಮುಖ ನೋಡಿ ಆರು ವರ್ಷ ಆತು."

"ತಡಿ, ದೀಪಾವಳಿಗೆ ಇಳೀತೈತಿ."

ದೀಪಾವಳಿಗೆ ಇಳಿಯಿತು. "ಯುಗಾದಿಗೆ ಇನ್ನೂ ಇಳೀತೈತಂತೆ," ಅಂದ. ಪಕ್ಕದ ಮನೆಯವರ ಫೋನು ಕೇಳೋಣವೆಂದರೆ ಸಾಹುಕಾರನ ಮರ್ಯಾದೆ ಹೋಗುತ್ತದಲ್ಲ!

ಹೀಗಿರುವಾಗ ಒಂದು ಬೆಳಿಗ್ಗೆ ತಂಗಿಯ ಗಂಡ ಫೋನು ಮಾಡಿದ. "ಅಣ್ಣಾರೇ, ಇವಳದು ಒಂದು ಕಣ್ಣು ಹೋದ ವರ್ಷಾನೇ ಹೋತು. ಇನ್ನೊಂದಕ್ಕೆ ನಾಳೆ ಆಪರೇಷನ್ನು. ಅಕ್ಕನ ಮುಖ ನೋಡ್ದೆ ಒಳಗೆ ಹೋಗಲ್ಲ ಅಂತ ಮಂಚ ಹಿಡಕಂಡು ಕೂತಾಳೆ."

ತಿಳಿಯಿತೇ? ಕಿವಿಯಿಲ್ಲದವಳಿಗೆ ಕಣ್ಣೇ ಕಿವಿ. ಅದೂ ಹೋದರೆ ಅಕ್ಕನ ಮಾತು ಅವಳಿಗೆ ಇನ್ನೆಲ್ಲಿ? ರೈಲು ಹತ್ತಿದರೂ ನಾಳೆ ಆಪರೇಷನ್ನಿನ ಹೊತ್ತಿಗೆ ಸೂರತ್ತು ಸಿಗದು.

ಸಾಹುಕಾರ ಅಡುಗೆಮನೆಗೆ ಇಣುಕಿದ. ಹೆಂಡತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳ ಕೈಗಳು ತಮ್ಮಷ್ಟಕ್ಕೆ ಗೋಡೆಯೊಂದಿಗೆ ಮಾತಾಡುತ್ತಿದ್ದವು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಅದರಲ್ಲಿ ಒಂದು ಮಾತೂ ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಫೋನು ಅಂಗಡಿಯವನು ಪ್ರಾಮಾಣಿಕ. "ಸಾಹುಕಾರ್ರೇ, ಇಷ್ಟು ದಿನ ಕಾದೀರಿ, ಇನ್ನು ಹದಿನೈದು ದಿನ ತಡೀರಿ. ಎರಡು ಸಾವಿರ ಕಮ್ಮಿ ಆಗ್ತೈತಿ."

ನೋಡಿ, ಅಭ್ಯಾಸ ಅಂದರೆ ಏನು! ಅವನ ಕಾಲು ತಾನಾಗಿ ಹಿಂದೆ ಸರಿಯಿತು. ಬಾಗಿಲ ತನಕ ಹೋದ. ಹದಿನೈದು ದಿನ ಬಿಟ್ಟು ಕೊಂಡರೆ ಯಾವ ಕಣ್ಣಿಗೆ ತೋರಿಸುವುದು? ತಿರುಗಿ ಬಂದ. "ಕೊಡೋ ಮಾರಾಯ. ಇವತ್ತಿನ ರೇಟಿಗೇ ಕೊಡು."

ತಂತಿಯಿಲ್ಲ, ಡಬ್ಬಿಯಿಲ್ಲ. ಅಂಗಡಿಯವನೇ ಮನೆಗೆ ಬಂದು ಎಲ್ಲ ಹೊಂದಿಸಿ, "ಅಮ್ಮಾರೇ, ಈ ಹಸಿರು ಗುರುತು ಮುಟ್ರಿ, ಅಷ್ಟೇ," ಅಂದ. ಮುಟ್ಟಿದಳು. ತಂಗಿ! ಆಸ್ಪತ್ರೆಯ ಮಂಚದ ಮೇಲೆ, ಒಂದೇ ಕಣ್ಣು ಅರಳಿಸಿಕೊಂಡು. ನಾಲ್ಕು ಕೈಗಳು ಒಟ್ಟಿಗೆ ಹಾರಾಡಿದವು.

ಸಾಹುಕಾರ ಇಣುಕಿದ. "ಏನಂತಾಳೆ?"

"ನಿಮ್ಮ ತಲೆ ಬೋಳಾಗೇತಂತೆ."

"ಧೈರ್ಯ ಹೇಳೇ ಅಂದ್ರೆ ನನ್ನ ತಲೆ ಸುದ್ದಿ ಯಾಕೆ!"

"ಸುಮ್ಮನಿರ್ರಿ. ನಗಾಕತ್ಯಾಳೆ ನೋಡ್ರಿ."

ನಗುತ್ತಲೇ ತಂಗಿ ಮಂಚ ಬಿಟ್ಟಳು. ಮರುದಿನ ಆಪರೇಷನ್ನಿಗೆ ಹೋದಳು. ನಾಲ್ಕನೆಯ ದಿನ ಪಟ್ಟಿ ಬಿಚ್ಚಿದರು. ಇಲ್ಲಿ ಗಂಡಹೆಂಡತಿ ಸ್ಲೇಟಿನ ಮುಂದೆ. ಅಲ್ಲಿ ತಂಗಿಯ ಕಣ್ಣು ಅತ್ತ ತಡಕಿತು, ಇತ್ತ ತಡಕಿತು, ನಿಂತಿತು. ಮೆಲ್ಲಗೆ ಕೈಯೆತ್ತಿ ತನ್ನ ನೆತ್ತಿಯನ್ನು ನುಣ್ಣಗೆ ಸವರಿಕೊಂಡು, ಸಾಹುಕಾರನ ಕಡೆ ಬೆರಳು ತೋರಿಸಿದಳು.

"ಕಾಣ್ತೀನಿ! ನಾನು ಅವಳಿಗೆ ಕಾಣ್ತೀನಿ ಕಣೇ!" ಸಾಹುಕಾರ ಕೂಗಿದ ಕೂಗಿಗೆ ಭಟ್ಟಿಯ ಆಳುಗಳು ಓಡಿಬಂದರು. ಮೂವತ್ತು ವರ್ಷದಲ್ಲಿ ಅವನಿಗೆ ತಿಳಿದ ಮೊದಲ ಮಾತು ಅದು, ನೋಡಿ.

ಅಮ್ಮಂದಿರೇ, ಅಣ್ಣಂದಿರೇ, ಸಾಹುಕಾರ ಹೇಗೋ ಹೊತ್ತಿಗೆ ಸರಿಯಾಗಿ ಮುಟ್ಟಿದ. ನಿಮಗೂ ಹೊತ್ತು ಸಿಗುತ್ತದೆಂದು ಬರೆದುಕೊಟ್ಟವರು ಯಾರು? ಅವನಿಗೆ ಸ್ಲೇಟು ಇಲ್ಲದೆ ತಡವಾಯಿತು. ನಿಮ್ಮೆಲ್ಲರ ಸೊಂಟದಲ್ಲಿ, ಜೇಬಿನಲ್ಲಿ ಅದು ಇದೆ. ಇದ್ದೂ ಯಾಕೆ ತಡ? ಮದುವೆ ಮುಗಿಯಲಿ, ಪರೀಕ್ಷೆ ಕಳೆಯಲಿ, ಮೊದಲು ಅವರೇ ಮಾಡಲಿ ಎಂದು ಯಾರನ್ನು ಮುಂದೂಡಿದ್ದೀರಿ? ನಾನು ಕೇಳಿದ ಕೂಡಲೇ ಒಂದು ಹೆಸರು ಮನಸ್ಸಿಗೆ ಬಂತು. ಬರಲಿಲ್ಲವೇ? ಬಂತು, ನಿಮ್ಮ ಮುಖವೇ ಹೇಳುತ್ತಿದೆ.

ಇವತ್ತು ಮನೆಗೆ ಹೋದ ಕೂಡಲೇ, ಫೋನಿನಲ್ಲಿ ಯಾರದೋ ಕುಣಿತ, ಯಾರದೋ ಜಗಳ ನೋಡುವ ಮೊದಲು ಆ ಮುಖವನ್ನು ನೋಡಿ. ದಿನಕ್ಕೊಬ್ಬರಂತೆ ನೋಡಿ. ಏನು ಮಾತಾಡುವುದು ಎಂದು ತೋಚದಿದ್ದರೆ "ಊಟ ಆಯ್ತಾ?" ಅನ್ನಿ. ಅಲ್ಲಿಂದಾಚೆಗೆ ಅವರೇ ಹೇಳುತ್ತಾರೆ. ನೀವು ಫೋನು ಇಡುವ ಅವಸರ ಮಾಡದೆ ಕೇಳಿಸಿಕೊಳ್ಳಿ.