ಬಾವಿ ‘ಆಯ್ತು’ ಅಂದ ರಾತ್ರಿ

ಮೆಲ್ಲಗೆ ಹೇಳ್ತೀನಿ, ಒಳಗೆ ಮಕ್ಕಳು ಮಲಗಿವೆ. ಇದು ನಮ್ಮ ಹಿಂದಿನ ಬೀದಿಯ ಕಲ್ಲುಕುಟಿಗನ ಮಗಳಿಗೆ ಆದದ್ದು. ಅವರ ಗೋಡೆಗೆ ಗೋಡೆ ಅಂಟಿಕೊಂಡಿರೋ ಮನೆಯ ಟೈಲರಮ್ಮ ಅರ್ಧ ಕಣ್ಣಾರೆ ಕಂಡಿದ್ದಾಳೆ, ಇನ್ನರ್ಧ ಆ ಹುಡುಗಿ ಬಾಯಿಂದಲೇ ಕೇಳಿದ್ದಾಳೆ. ಸುಳ್ಳು ಹೇಳಿ ಅವಳಿಗೆ ಆಗಬೇಕಾದ್ದೇನೂ ಇಲ್ಲ. ನನಗಂತೂ ಮೊದಲೇ ಇಲ್ಲ.

ಹುಡುಗಿಗೆ ಆಗ ಹದಿನೈದು. ಶಾಲೆಯಲ್ಲಿ ಎಲ್ಲರೂ ಅವಳನ್ನ ‘ಅಜ್ಜಿ’ ಅಂತಿದ್ದರು. ನಗೋದಿಲ್ಲ, ಆಟಕ್ಕೆ ಬರೋದಿಲ್ಲ, ಗಂಟೆ ಹೊಡೆದ ಕೂಡಲೇ ಮನೆಗೆ ಓಟ. ಓಡದೆ ಏನು ಮಾಡ್ತಾಳೆ? ಕಲ್ಲು ಕಡಿದು ಕಡಿದು ಅಪ್ಪನ ಎದೆ ತುಂಬ ಕಲ್ಲಿನ ಪುಡಿ. ಆರು ವರ್ಷದಿಂದ ಹಾಸಿಗೆ. ಮೂಗಿಗೆ ಕೊಳವೆ, ಮಂಚದ ಪಕ್ಕ ಆಕ್ಸಿಜನ್ ಮಿಷನ್ನು. ಗುರ್ರ್... ಟಸ್. ಗುರ್ರ್... ಟಸ್. ಅಮ್ಮನಿಗೆ ಬಿಸ್ಕತ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಹಾಗಾಗಿ ಹಗಲು ಅಮ್ಮನದು, ರಾತ್ರಿ ಮಗಳದು.

ಒಂಬತ್ತನೇ ವಯಸ್ಸಿನಿಂದ ಆ ಹುಡುಗಿ ಮಲಗಿ ನಿದ್ದೆ ಮಾಡಿದ್ದಿಲ್ಲ, ಮಲಗಿ ಅಪ್ಪನ ಉಸಿರು ಎಣಿಸಿದ್ದು. ಒಂದು ಉಸಿರು ತಡವಾದರೆ ದಡಕ್ಕನೆ ಎದ್ದು ಕೂರೋಳು. ಪಾಠದ ಮಧ್ಯೆ ತೂಕಡಿಸೋಳು. ಹೊಟ್ಟೆನೋವು ಅಂತ ಬಾತ್ರೂಮಿಗೆ ಹೋಗಿ, ಮುಂಗೈ ಚರ್ಮ ಉಗುರಲ್ಲಿ ಕಿತ್ತು ರಕ್ತ ಬರಿಸಿಕೊಂಡು ಬರೋಳು. ಯಾಕೆ ಅಂತ ಅವಳಿಗೇ ಗೊತ್ತಿರಲಿಲ್ಲ. ದಾರೀಲಿ ಸಿಕ್ಕವರೆಲ್ಲ ಅಪ್ಪ ಹೇಗಿದ್ದಾರೆ ಅಂತ ಕೇಳೋರು. “ಪರವಾಗಿಲ್ಲ” ಅನ್ನೋಳು. ಮಾತು ಅಲ್ಲಿಗೇ ಮುಗೀತಿತ್ತು.

ಆ ಅಪ್ಪನೂ ಹುಟ್ಟಾ ಕೆಟ್ಟವನಲ್ಲ. ಆದರೆ ಉಸಿರು ಕಮ್ಮಿಯಾದಷ್ಟೂ ಸಿಟ್ಟು ಜಾಸ್ತಿ. ಅವತ್ತು ಸಂಜೆ ಹಾಲು ತಣ್ಣಗಿದೆ ಅಂತ ಲೋಟ ಬೀಸಿ ಒಗೆದ. ಠಣ್! ಹುಡುಗಿಯ ಹುಬ್ಬು ಸೀಳಿತು. ಅವಳು ಅಳಲಿಲ್ಲ. ಮೊದಲು ನೆಲದ ಮೇಲಿನ ಹಾಲು ಒರೆಸಿದಳು, ಆಮೇಲೆ ಮುಖದ ರಕ್ತ.

ಹತ್ತೂವರೆಗೆ ನೋಡ್ತಾಳೆ... ಮಾಸ್ಕಿಗೆ ಹಾಕೋ ಔಷಧಿ ಖಾಲಿ. ತರೋದು ಮರೆತೇ ಹೋಗಿದೆ. ಅಪ್ಪನಿಗೆ ಜೊಂಪು ಹತ್ತಿತ್ತು. ಹೊರಗಿಂದ ಬೀಗ ಹಾಕಿ ಬಸ್ ಸ್ಟ್ಯಾಂಡಿನ ಮೆಡಿಕಲ್ ಶಾಪಿಗೆ ಓಡಿದಳು.

ವಾಪಸ್ ಬರುವಾಗ ಹಳೆ ಸಾಮಿಲ್ಲಿನ ಓಣಿ. ಅಲ್ಲೊಂದು ಬಾವಿ, ಬಾಯಿಗೆ ಕಬ್ಬಿಣದ ಜಾಲರಿ ಬಡಿದಿದ್ದಾರೆ. ಅಲ್ಲಿಗೆ ಬಂದಾಗ ಅವಳ ಕಾಲು ನಿಂತುಹೋಯ್ತು. ಹೆದರಿಕೆಯಿಂದಲ್ಲ... ಮನೆಗೆ ಹೋಗೋಕೆ ಮನಸ್ಸೇ ಬರಲಿಲ್ಲ.

ಕಟ್ಟೆ ಮೇಲೆ ಕೂತಳು. ಹುಬ್ಬು ಮುಟ್ಟಿ ನೋಡಿಕೊಂಡಳು. ಆಮೇಲೆ, ಯಾರಿಗೂ ಅಲ್ಲ, ಸುಮ್ಮನೆ ಗಾಳಿಗೆ ಅಂದಳು: “ಇವತ್ತೇ ಮುಗಿದು ಹೋಗಬಾರದಾ...”

ಜೀರುಂಡೆ ಸದ್ದು ನಿಂತಿತು.

ಜಾಲರಿಯ ಕೆಳಗಿಂದ, ಅಂಗಡಿಯವನು ಚೀಟಿ ಇಸ್ಕೊಂಡು ಹೇಳ್ತಾನಲ್ಲ, ಹಾಗೆ... “ಆಯ್ತು.”

ಅಷ್ಟೇ. ಒಂದೇ ಮಾತು.

ಹುಡುಗಿ ಬಿದ್ದಂಬೀಳ ಓಡಿದಳು. ಹಿಂದೆ ಒದ್ದೆ ಪಾದದ ಸದ್ದು. ಪಚ್... ಪಚ್... ಪಚ್. ಇವಳು ನಿಂತರೆ ಅದೂ ನಿಲ್ಲುತ್ತೆ. ಆದರೆ ಪ್ರತಿ ಸಲ ಒಂದು ಹೆಜ್ಜೆ ಹೆಚ್ಚಿಗೆ ಇಟ್ಟು ನಿಲ್ಲುತ್ತೆ.

ಮನೆ ಒಳಗೆ ಬಂದು ಚಿಲಕ ಹಾಕಿದಳು. ಅಪ್ಪ ಎದ್ದಿದ್ದ.

“ಯಾಕಿಷ್ಟು ಹೊತ್ತು?”

“ಅಂಗಡೀಲಿ ಜನ.”

ಅಪ್ಪ ಅವಳ ಹುಬ್ಬು ನೋಡಿದ. ಗೋಡೆ ಕಡೆ ಮುಖ ತಿರುಗಿಸಿಬಿಟ್ಟ. ಅವಳು ಔಷಧಿ ಹಾಕಿ ಮಾಸ್ಕ್ ಕಟ್ಟಿದಳು, ಮುಗಿದ ಮೇಲೆ ಮತ್ತೆ ಕೊಳವೆ ಸಿಕ್ಕಿಸಿ, ಮಂಚದ ಪಕ್ಕ ಚಾಪೆ ಹಾಸಿಕೊಂಡಳು. ಗುರ್ರ್... ಟಸ್. ಎಣಿಸ್ತಾ ಎಣಿಸ್ತಾ ಕಣ್ಣು ಹತ್ತಿತು.

ಎಚ್ಚರ ಆದದ್ದು ಸದ್ದಿಗಲ್ಲ, ಸದ್ದು ಇಲ್ಲದ್ದಕ್ಕೆ. ಮಿಷನ್ನು ನಿಂತಿತ್ತು.

ದಬ್... ದಬ್... ದಬ್... ಅಪ್ಪನ ಹಿಮ್ಮಡಿ ಮಂಚಕ್ಕೆ ಬಡೀತಾ ಇತ್ತು.

ತಲೆ ಎತ್ತಿದಳು. ಅಪ್ಪನ ಎದೆ ಮೇಲೆ ಯಾರೋ ಕೂತಿದ್ದಾರೆ. ಶಾಲೆಯ ನೀಲಿ ಸ್ಕರ್ಟು. ಎರಡು ಜಡೆ, ತುದಿಯಿಂದ ನೀರು ತೊಟ್ಟಿಕ್ತಾ ಇದೆ. ಎರಡೂ ಕೈಯಲ್ಲಿ ದಿಂಬನ್ನ ಅಪ್ಪನ ಮುಖಕ್ಕೆ ಒತ್ತಿ ಹಿಡಿದಿದೆ. ಇತ್ತ ತಿರುಗಿತು... ಇವಳದೇ ಮುಖ. ಹುಬ್ಬು ಮಾತ್ರ ಸೀಳಿರಲಿಲ್ಲ.

“ಶ್... ನೀನು ಮಲಗು,” ಅಂತು, ಇವಳದೇ ದನಿಯಲ್ಲಿ. “ನೀನೇ ಅಂದದ್ದಲ್ವಾ? ಇನ್ನೆರಡು ನಿಮಿಷ.”

ಹುಡುಗಿ ಹಾರಿ ಆ ಜಡೆಗಳಿಗೆ ಕೈ ಹಾಕಿ ಎಳೆದಳು. ಅದು ಕೂತಲ್ಲಿಂದ ಅಲ್ಲಾಡಲಿಲ್ಲ. ಒಂದೇ ಕೈಯಲ್ಲಿ ಇವಳ ಕತ್ತು ಹಿಡಿದು ಗೋಡೆಗೆ ಅಪ್ಪಳಿಸಿತು. ಒಂದು ಸಲ... ಇನ್ನೊಂದು ಸಲ. ಬಾಯಿ ತುಂಬ ರಕ್ತ. ಇವಳ ಬಲಗೈಯ ಎರಡು ಬೆರಳು ಹಿಡಿದು ಹಿಂದಕ್ಕೆ ಮಡಚಿತು. ಟಕ್. ಟಕ್. ಹಸಿ ಕಡ್ಡಿ ಮುರಿದ ಹಾಗಲ್ಲ, ಒಣಕಡ್ಡಿ ಮುರಿದ ಹಾಗೆ.

ಮಂಚದ ಕೆಳಗೆ ಅಪ್ಪನ ಸುತ್ತಿಗೆ ಇತ್ತು. ಎಡಗೈಗೆ ತಗೊಂಡು ಬೀಸಿದಳು. ಅದರ ಹೆಗಲಿಗೆ ಬಿತ್ತು. ತುಂಬಿದ ಕೊಡಕ್ಕೆ ಹೊಡೆದಂಥ ಸದ್ದು. ಅದು ನಕ್ಕಿತು.

“ಹೊಡೆದ್ರೆ ಹೋಗಲ್ಲ ಕಣೇ. ಅಂದಿಲ್ಲ ಅನ್ನು, ಹೋಗ್ತೀನಿ. ನಾನು ಹಾಗೆ ಅಂದೇ ಇಲ್ಲ ಅನ್ನು.”

“ಅಂದಿಲ್ಲ!” ಹುಡುಗಿ ಕಿರುಚಿದಳು. “ನಾನು ಅಂದಿಲ್ಲ!”

ಅದು ಭಾರವಾಯ್ತು. ಮಂಚ ಕಿರ್ರೆಂದು ಬಗ್ಗಿತು. ಅಪ್ಪನ ಎದೆಯೊಳಗೆ ಏನೋ ಪಟ್ ಅಂತು.

“ಯಾವತ್ತೂ ಅಂದ್ಕೊಂಡೂ ಇಲ್ಲ!”

ಮತ್ತೂ ಭಾರ. ಪಟ್. ಇನ್ನೊಂದು ಪಕ್ಕೆಲುಬು. ಹಿಮ್ಮಡಿ ಬಡಿಯೋದು ನಿಧಾನ ಆಗ್ತಾ ಬಂತು. ದಬ್... ... ದಬ್...

ಆಗ ಹುಡುಗಿಗೆ ಅರ್ಥವಾಯ್ತು, ಇದರ ಹೊಟ್ಟೆಗೆ ಅನ್ನ ತನ್ನ ಸುಳ್ಳೇ ಅಂತ. ಒಳಗೆ ಆರು ವರ್ಷದಿಂದ ಒತ್ತಿಟ್ಟದ್ದೆಲ್ಲ ಕಟ್ಟೆ ಒಡೆದ ಹಾಗೆ ಬಂತು.

“ಅಂದೆ ಕಣೇ! ಅಂದೆ! ಸಾಕಾಗಿದೆ ನನಗೆ! ಸಾಯ್ಲಿ ಅನ್ನಿಸುತ್ತೆ! ಸತ್ತೇಬಿಟ್ರೆ ಅಂತ ಹೆದರಿ ಜೀವಾನೂ ಹೋಗುತ್ತೆ! ನನಗೆ ನಿದ್ದೆ ಬೇಕು! ಅವನು ನನ್ನಪ್ಪ, ನಾನು ಏನಾದ್ರೂ ಅಂತೀನಿ... ನೀನ್ಯಾವಳೇ ಕೇಳೋಕೆ!”

ಅದರ ಕೈ ಸಡಿಲಾಯ್ತು. ಒಂದೇ ಕ್ಷಣ. ದಿಂಬಿನಡಿಯಿಂದ ಅಪ್ಪನ ಕೈ ಮೇಲೆ ಬಂತು. ಆರು ವರ್ಷ ಚಮಚ ಬಿಟ್ಟು ಬೇರೇನೂ ಎತ್ತದ ಕೈ. ಅದರ ಗಂಟಲಿಗೆ ಹಾಕಿ, ಉಳಿ ಹಿಡಿದ ಹಾಗೆ ಹಿಡೀತು. ಹುಡುಗಿ ತನ್ನದೇ ಮುಖ ನೋಡ್ತಾ, ಎರಡು ಹುಬ್ಬಿನ ನಡುವೆ ಸುತ್ತಿಗೆ ಇಳಿಸಿದಳು.

ಛಳ್ಳ್... ಅಂತ ಒಂದು ಬಕೆಟ್ ನೀರು ಚೆಲ್ಲಿದ ಸದ್ದು. ಮಂಚದ ಮೇಲೆ ಅಪ್ಪ ಒಬ್ಬನೇ.

ಅಷ್ಟರಲ್ಲಿ ಟೈಲರಮ್ಮ ಭುಜ ಕೊಟ್ಟು ಚಿಲಕ ಕಿತ್ತು ಒಳಗೆ ಬಂದಳು. ಅವಳು ಕಂಡದ್ದೇನು? ಮುಖ ನೀಲಿಯಾದ ಅಪ್ಪ, ಎದೆ ಮೇಲೆ ದಿಂಬು, ಪಕ್ಕದಲ್ಲಿ ಸುತ್ತಿಗೆ ಹಿಡಿದು ರಕ್ತ ಕಾರ್ತಾ ನಿಂತ ಮಗಳು.

“ಅಯ್ಯೋ ಪಾಪಿ, ಏನ್ ಮಾಡಿಬಿಟ್ಯೇ!”

“ಮಿಷನ್ ಹಾಕಿ ಅತ್ತೆ,” ಅಂದಳು ಹುಡುಗಿ. “ಆಮೇಲೆ ಬೈಯಿರಿ.”

ಗುರ್ರ್... ಟಸ್. ಅಪ್ಪ ಎಳೆದುಕೊಂಡ ಆ ಮೊದಲ ಉಸಿರು ಬೀದಿಗೇ ಕೇಳಿಸಿತಂತೆ.

ಆಸ್ಪತ್ರೆಗೆ ಪೊಲೀಸರು ಬಂದರು. ಬರದೆ ಇರ್ತಾರಾ? ಎರಡು ಪಕ್ಕೆಲುಬು ಮುರಿದಿದೆ, ಮನೆಯಲ್ಲಿದ್ದದ್ದು ಇಬ್ಬರೇ. ಅಮ್ಮ ಫ್ಯಾಕ್ಟರಿ ಟೋಪಿಯಲ್ಲೇ ಓಡಿಬಂದು ಮಗಳ ಕೈ ನೋಡಿದಳು, ಗಂಡನ ಎದೆ ನೋಡಿದಳು, ಅಲ್ಲೇ ಕುಸಿದಳು. ಅಪ್ಪ ಮಾಸ್ಕ್ ಪಕ್ಕಕ್ಕೆ ಸರಿಸಿ ಪೊಲೀಸರಿಗೆ ಅಂದ, “ನನ್ನ ಮಗಳು ಹೊಡೆದದ್ದು ನನಗಲ್ಲ... ನನ್ನ ಮೇಲೆ ಏನೋ ಕೂತಿತ್ತಲ್ಲ, ಅದಕ್ಕೆ.” ಹತ್ತು ಸಲ ಕೇಳಿದರೂ ಅದೇ ಮಾತು.

ಎಲ್ಲ ಹೋದ ಮೇಲೆ ಮಗಳನ್ನ ಹತ್ತಿರ ಕರೆದ.

“ನೀನು ಕಿರುಚಿದ್ದೆಲ್ಲ ಕೇಳಿಸ್ತು.”

ಹುಡುಗಿ ತಲೆ ತಗ್ಗಿಸಿದಳು.

“ನಾನೂ ದಿನಾ ಅದನ್ನೇ ಅಂದ್ಕೋತೀನಿ ಮಗಾ... ಹೇಳಲ್ಲ. ಲೋಟ ಎಸೀತೀನಿ.” ಉಸಿರು ಎಳೆದುಕೊಂಡ. “ತಪ್ಪಾಯ್ತು.”

ಆಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಡಾಕ್ಟರೊಬ್ಬರು ಇದ್ದರು. ದೆವ್ವ ಇದೆಯೋ ಇಲ್ಲವೋ ಅಂತ ಅವರು ವಾದ ಮಾಡಲಿಲ್ಲ. “ರಾತ್ರಿ ಎಷ್ಟು ಗಂಟೆ ಮಲಗ್ತೀಯ?” ಅಂದರು. ಹುಡುಗಿ ಉತ್ತರ ಹೇಳೋಕೆ ಹೋಗಿ ಒಂದು ಗಂಟೆ ಅತ್ತಳು. ಅಮ್ಮ ಹಗಲು ಪಾಳಿಗೆ ಬದಲಾಯಿಸಿಕೊಂಡಳು. ಹಗಲಲ್ಲಿ ಟೈಲರಮ್ಮ ತನ್ನ ಹೊಲಿಗೆ ಮಿಷನ್ನೇ ಅಪ್ಪನ ಕೋಣೆಗೆ ತಂದಿಟ್ಟುಕೊಂಡಳು. ಮೊದಲನೇ ದಿನ ಹುಡುಗಿ ಹದಿನಾಲ್ಕು ಗಂಟೆ ಮಲಗಿದಳು. ಬದುಕಿದ್ದಾಳಾ ಅಂತ ಅಪ್ಪನೇ ಎರಡು ಸಲ ಕೂಗಿ ನೋಡಿದನಂತೆ! ಆಮೇಲೂ ಜಗಳ ಆಗ್ತಿತ್ತು. ಆದರೆ ಅವನು ಬೈದರೆ ಇವಳೂ ಬೈಯೋಳು. ಎರಡು ವರ್ಷ ಬಿಟ್ಟು ಒಂದು ಮಧ್ಯಾಹ್ನ ಅವನು ಹೋದ. ಅವಳಾಗ ಕಾಲೇಜಿನ ಮೈದಾನದಲ್ಲಿ ಆಡ್ತಾ ಇದ್ದಳು. ತುಂಬ ಅತ್ತಳು. ತನ್ನಿಂದಲೇ ಹೋದ ಅಂತ ಮಾತ್ರ ಅವತ್ತೂ ಅನ್ನಲಿಲ್ಲ, ಇವತ್ತಿಗೂ ಅನ್ನೋದಿಲ್ಲ.

ನೀವು ನಂಬಲ್ಲ, ಗೊತ್ತು. ನಿದ್ದೆಗೆಟ್ಟ ಹುಡುಗಿ, ಏನೋ ಮಾಡಿಕೊಂಡಿದ್ದಾಳೆ ಅಂತೀರಿ. ಹಾಗಾದರೆ ಇದನ್ನ ಕೇಳಿ. ಅವತ್ತು ಆಸ್ಪತ್ರೆಯಲ್ಲಿ ನರ್ಸು ಅವಳ ಬಟ್ಟೆ ಬಿಚ್ಚಿದಾಗ ಬೆನ್ನ ಮೇಲೆ ಒಂದು ಕಚ್ಚಿದ ಗಾಯ ಕಂಡಿತು. ಯಾವಾಗ ಕಚ್ಚಿತೋ ಅವಳಿಗೂ ನೆನಪಿಲ್ಲ. ಅಪ್ಪನದಿರಬೇಕು ಅಂತ ಪೊಲೀಸರು ಹಲ್ಲಿನ ಡಾಕ್ಟರ ಹತ್ತಿರ ಅಚ್ಚು ತೆಗೆಸಿದರು. ಹೊಂದಲಿಲ್ಲ. ಇರಲಿ ಅಂತ ಹುಡುಗಿಯದೂ ತೆಗೆಸಿದರು. ಹಲ್ಲಿಗೆ ಹಲ್ಲು ಕೂತಿತು.

ಗಾಯ ಇದ್ದದ್ದು ಎರಡು ಹೆಗಲಮೂಳೆಗಳ ನಡುವೆ. ತುರಿಸಿದರೆ ಕೈ ಎಟುಕದ ಜಾಗ. ಟೈಲರಮ್ಮನೇ ಇವತ್ತಿಗೂ ಅವಳ ಬಟ್ಟೆಗೆ ಅಳತೆ ತಗೊಳ್ಳೋದು, ಹಲ್ಲಿನ ಗುರುತು ಎಣಿಸಿದ್ದಾಳೆ. ಮೇಲೆ ಆರು, ಕೆಳಗೆ ಐದು.